ಫೈಲ್ ಕಳಿಸುವ ಮುಂಚೆ ಒಮ್ಮೆ ಜಾಡಿಸಿ: ವರ್ಡ್, ಎಕ್ಸೆಲ್, ಪಿಡಿಎಫ್ ಒಳಗೆ ಅಡಗಿದ್ದನ್ನು ತೆಗೆಯುವ ಬಗೆ

ಧಾರವಾಡದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಒಂದು ಸ್ಕ್ಯಾನರ್. ಬಾಡಿಗೆ ಕರಾರು, ಅರ್ಜಿ, ಬಯೋಡಾಟಾ, ಕೊಟೇಶನ್, ಪ್ರಾಜೆಕ್ಟ್ ರಿಪೋರ್ಟ್, ಬಂದದ್ದನ್ನೆಲ್ಲ ಟೈಪ್ ಮಾಡುತ್ತೇವೆ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿ ಗೋಕುಲ ರೋಡ್ ಕಡೆಯ ಒಬ್ಬ ವರ್ಕ್‌ಶಾಪ್ ಮಾಲೀಕರಿಗೆ ಕೊಟೇಶನ್ ಮಾಡಿಕೊಟ್ಟಿದ್ದೆ. ಹೊಸದಾಗಿ ಯಾಕೆ ಟೈಪ್ ಮಾಡಬೇಕು ಅಂತ ಹಿಂದಿನ ವಾರ ಇನ್ನೊಬ್ಬ ಗಿರಾಕಿಗೆ ಮಾಡಿದ್ದ ಫೈಲನ್ನೇ ತೆರೆದೆ. ಹೆಸರು, ರೇಟು ಬದಲಿಸಿದೆ, ಪಿಡಿಎಫ್ ಮಾಡಿ ಮೇಲ್ ಹಾಕಿದೆ. ಸಂಜೆ ಫೋನ್ ಬಂತು.

"ಅಕ್ಕಾರ, ಕೊಟೇಶನ್ ನಮ್ದು, ಮ್ಯಾಲೆ ಹೆಸರು ಬ್ಯಾರೆಯವರ್ದು ಬರಾಕತ್ತೈತಲ್ರೀ?"

"ಇಲ್ರೀ ಅಣ್ಣಾರ, ನಾನ ಎರಡ ಸಲ ನೋಡೇನಿ."

"ಕಾಗದದಾಗ ಅಲ್ರೀ. ಕಂಪ್ಯೂಟರ್‌ನ್ಯಾಗ ತೆರೆದ್ರ ಮ್ಯಾಲಿನ ಪಟ್ಟಿಯೊಳಗ ಬರತೈತಿ. ಪಾರ್ಟಿಯವ್ರು ನನಗ ಕೇಳಾಕತ್ಯಾರ."

ತೆರೆದು ನೋಡಿದೆ. ಹೌದು. ಪುಟದಲ್ಲಿ ಎಲ್ಲ ಸರಿಯಿದೆ, ಕಿಟಕಿಯ ಮೇಲಂಚಿನಲ್ಲಿ ಮಾತ್ರ ಹಳೆಯ ಗಿರಾಕಿಯ ಹೆಸರು ನಗುತ್ತಾ ಕೂತಿದೆ. ಆ ಹಳೆಯ ಗಿರಾಕಿ ಇವರಿಗೆ ಸೀದಾ ಎದುರಾಳಿ ಬೇರೆ! ವರ್ಡ್ ಫೈಲ್‌ಗೆ 'ಟೈಟಲ್' ಎಂಬ ಒಂದು ಖಾನೆ ಇರುತ್ತದೆ. ಹಳೆಯ ವರ್ಡ್‌ನಲ್ಲಿ ಮೊದಲ ಸಲ ಸೇವ್ ಮಾಡುವಾಗ ಪುಟದ ಮೊದಲ ಸಾಲೇ ಅಲ್ಲಿ ಹೋಗಿ ಕೂರುತ್ತಿತ್ತು. ಆಮೇಲೆ ಪುಟದಲ್ಲಿ ಏನು ಬದಲಿಸಿದರೂ ಆ ಖಾನೆ ಬದಲಾಗುವುದಿಲ್ಲ. ಪಿಡಿಎಫ್ ಮಾಡಿದಾಗ ಅದೂ ಜೊತೆಗೆ ಹೋಯಿತು.

ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಒಂದು ರೂಢಿ: ಕೆಲಸ ಮಾಡುವ ಫೈಲ್ ಬೇರೆ, ಕಳಿಸುವ ಫೈಲ್ ಬೇರೆ. ಕಳಿಸುವ ಪ್ರತಿಯನ್ನು ಜಾಡಿಸದೆ ಹೊರಗೆ ಬಿಡುವುದಿಲ್ಲ. ಆ ಜಾಡಿಸುವ ಕೆಲಸವನ್ನು ಕೆಳಗೆ ಬರೆದಿದ್ದೇನೆ. ಕಂಪ್ಯೂಟರ್ ಎದುರಿಗಿಟ್ಟುಕೊಂಡೇ ಓದಿ. ಮೊಬೈಲ್‌ನಲ್ಲಿ ಈ ಕೆಲಸಕ್ಕೆ ಕೂರಬೇಡಿ, ಬೇಕಾದ ಬಟನ್‌ಗಳು ಕೈಗೆ ಸಿಗುವುದಿಲ್ಲ.

ಮೊದಲು ಒಳಗೆ ಏನಿದೆ ಅಂತ ಕಣ್ಣಾರೆ ನೋಡಿ

ಯಾವುದಾದರೂ ಒಂದು ಡಾಕ್ಸ್ (docx) ಫೈಲ್, ಅಂದರೆ ವರ್ಡ್‌ನಲ್ಲಿ ಮಾಡಿದ ಫೈಲ್ ತಗೊಳ್ಳಿ. ಅದರ ಒಂದು ಕಾಪಿ ಮಾಡಿ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ವ್ಯೂ' ಒತ್ತಿ, ಫೈಲ್ ನೇಮ್ ಎಕ್ಸ್‌ಟೆನ್ಶನ್ ಕಾಣುವ ಹಾಗೆ ಟಿಕ್ ಹಾಕಿ. ಈಗ ಆ ಕಾಪಿಯ ಹೆಸರಿನ ಕೊನೆಯಲ್ಲಿರುವ 'ಡಾಕ್ಸ್' ಅಳಿಸಿ 'ಜಿಪ್' ಅಂತ ಬರೆಯಿರಿ. ಎಚ್ಚರಿಕೆ ಬರುತ್ತದೆ, ಯೆಸ್ ಅನ್ನಿ. ಫೈಲ್ ಒಂದು ಜಿಪ್ ಫೋಲ್ಡರ್ ಆಗಿ ತೆರೆಯುತ್ತದೆ. ಆಫೀಸ್ 2007ರಿಂದ ಬಂದ ಡಾಕ್ಸ್ ಎಂದರೆ ಇಷ್ಟೇ, ಹಲವು ಸಣ್ಣ ಫೈಲ್‌ಗಳನ್ನು ಕಟ್ಟಿಟ್ಟ ಒಂದು ಗಂಟು.

ಗಂಟಿನೊಳಗೆ 'ಡಾಕ್‌ಪ್ರಾಪ್ಸ್' ಎಂಬ ಫೋಲ್ಡರ್ ಇದೆ. ಅದರಲ್ಲಿರುವ 'ಕೋರ್' ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲು ಮಾಡಿದವರ ಹೆಸರು, ಕೊನೆಗೆ ತಿದ್ದಿದವರ ಹೆಸರು, ಎಷ್ಟನೇ ಸಲದ ಸೇವ್, ಹುಟ್ಟಿದ ದಿನ, ತಿದ್ದಿದ ದಿನ, ಗಂಟೆ, ನಿಮಿಷ. ಪಕ್ಕದ 'ಆ್ಯಪ್' ಫೈಲ್‌ನಲ್ಲಿ ಕಂಪನಿಯ ಹೆಸರು, ಬಳಸಿದ ಟೆಂಪ್ಲೇಟ್, ಜೊತೆಗೆ ಒಟ್ಟು ಎಷ್ಟು ನಿಮಿಷ ಕೆಲಸ ನಡೆಯಿತು ಎನ್ನುವ ಲೆಕ್ಕ. ಗಂಟೆ ಲೆಕ್ಕದಲ್ಲಿ ಬಿಲ್ ಹಾಕುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಇನ್ನು 'ವರ್ಡ್' ಫೋಲ್ಡರ್ ಒಳಗೆ ಹೋಗಿ. ಕಾಮೆಂಟ್‌ಗಳಿದ್ದರೆ ಅವಕ್ಕೊಂದು ಬೇರೆ ಫೈಲ್. ಚಿತ್ರಗಳಿದ್ದರೆ 'ಮೀಡಿಯಾ' ಫೋಲ್ಡರ್. ಅಂಚು ಕತ್ತರಿಸಿ ಹಾಕಿದ್ದ ಫೋಟೋ ಅಲ್ಲಿ ಪೂರ್ತಿಯಾಗಿ ಬಿದ್ದಿರುತ್ತದೆ.

2003ರಲ್ಲಿ ಬ್ರಿಟನ್ ಸರ್ಕಾರ ಇರಾಕ್ ಕುರಿತ ಒಂದು ವರದಿಯನ್ನು ವರ್ಡ್ ಫೈಲ್ ಆಗಿಯೇ ವೆಬ್‌ಗೆ ಹಾಕಿತು. ಯಾರ್ಯಾರು ಅದನ್ನು ತಿದ್ದಿ ಸೇವ್ ಮಾಡಿದರು ಎನ್ನುವ ಹೆಸರಿನ ಪಟ್ಟಿ ಫೈಲ್ ಒಳಗೇ ಇತ್ತು. ಓದಬಲ್ಲವರು ಓದಿದರು, ಸರ್ಕಾರದ ಮಾನ ಹೋಯಿತು. ಅಂಥವರಿಗೇ ಹೀಗಾದರೆ ನಮ್ಮದು ಯಾವ ಲೆಕ್ಕ ಅಲ್ವಾ?

ಆದರೆ ಒಂದು ಮಾತು. ಹೆಸರು ಗೊತ್ತಾಗುವುದು ಅಷ್ಟು ದೊಡ್ಡ ವಿಷಯವಲ್ಲ, ಮುಜುಗರ ಅಷ್ಟೇ. ಗೆಳೆಯನ ಬಯೋಡಾಟಾ ತಿದ್ದಿ ತನ್ನದು ಮಾಡಿಕೊಂಡ ಹುಡುಗನ ಫೈಲ್‌ನಲ್ಲಿ ಗೆಳೆಯನ ಹೆಸರು ಕಂಡರೆ ಇಂಟರ್‌ವ್ಯೂನಲ್ಲಿ ಒಂದು ನಗು. ನಿಜವಾಗಿ ಕೈ ಸುಡುವುದು ಬೇರೆ ಮೂರು: ಮುಚ್ಚಿಟ್ಟ ಎಕ್ಸೆಲ್ ಕಾಲಂ, ಅಳಿಸಿದೆ ಅಂದುಕೊಂಡ ಹಳೆಯ ಮಾತು, ಕಪ್ಪು ಡಬ್ಬಿಯ ಕೆಳಗೆ ಬದುಕಿರುವ ನಂಬರ್.

ವರ್ಡ್ ಫೈಲ್

1. ಫೈಲ್ ತೆರೆದು 'ಸೇವ್ ಆ್ಯಸ್' ಒತ್ತಿ ಹೊಸ ಹೆಸರು ಕೊಡಿ. ಮುಂದಿನ ಕೆಲಸವೆಲ್ಲ ಈ ಪ್ರತಿಯ ಮೇಲೆ. ಒಮ್ಮೆ ತೆಗೆದದ್ದು ಅಂಡೂ ಮಾಡಿದರೂ ಎಲ್ಲವೂ ವಾಪಸ್ ಬರುವುದಿಲ್ಲ. ಹೆಸರನ್ನೂ ನೋಡಿ ಕೊಡಿ. 'ಫೈನಲ್ ಸಾಹೇಬ್ರು ಬ್ಯಾಡ ಅಂದದ್ದು 3' ಎಂಬ ಹೆಸರಿನ ಫೈಲ್ ಒಂದು ಕಚೇರಿಯಿಂದ ನನ್ನ ಕಡೆಗೇ ಬಂದಿದೆ.

2. 'ರಿವ್ಯೂ' ಟ್ಯಾಬ್‌ಗೆ ಹೋಗಿ. ಅಲ್ಲಿ 'ನೋ ಮಾರ್ಕಪ್' ಅಥವಾ 'ಸಿಂಪಲ್ ಮಾರ್ಕಪ್' ಇದ್ದರೆ 'ಆಲ್ ಮಾರ್ಕಪ್' ಮಾಡಿ. ತುಂಬ ಜನ ಎಡವುವ ಜಾಗ ಇದು. 'ನೋ ಮಾರ್ಕಪ್' ಎಂದರೆ ತಿದ್ದುಪಡಿ ಹೋಯಿತು ಅಂತಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಈಗ ಕೆಂಪು ಗೀಟು ಹೊಡೆದ ಸಾಲುಗಳು ಮೇಲೇಳುತ್ತವೆ. ಒಂದೊಂದೇ ನೋಡಿ, ಇರಬೇಕಾದ್ದಕ್ಕೆ 'ಅಕ್ಸೆಪ್ಟ್', ಬೇಡವಾದ್ದಕ್ಕೆ 'ರಿಜೆಕ್ಟ್'. ಇದನ್ನು ಮಷಿನ್ ಮೇಲೆ ಬಿಡಬೇಡಿ. ಕರಾರಿನಲ್ಲಿ ಯಾವ ಮೊತ್ತ ಉಳಿಯಬೇಕು ಎನ್ನುವುದು ನಿಮಗೆ ಗೊತ್ತು, ವರ್ಡ್‌ಗೆ ಗೊತ್ತಿಲ್ಲ. ಮುಗಿದ ಮೇಲೆ, ತಿದ್ದಿದ್ದನ್ನೆಲ್ಲ ಗುರುತು ಹಾಕಿಡುವ 'ಟ್ರ್ಯಾಕ್ ಚೇಂಜಸ್' ಆಫ್ ಮಾಡಿ, ಕಾಮೆಂಟ್‌ಗಳನ್ನೆಲ್ಲ ಡಿಲೀಟ್ ಮಾಡಿ.

3. ಈಗ 'ಫೈಲ್', ಆಮೇಲೆ 'ಇನ್ಫೋ', ಅಲ್ಲಿ 'ಚೆಕ್ ಫಾರ್ ಇಶ್ಯೂಸ್', ಅದರೊಳಗೆ 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್'. ಇನ್ನೂ 2007 ಓಡಿಸುತ್ತಿರುವವರು ಮೂಲೆಯ ಗುಂಡು ಆಫೀಸ್ ಬಟನ್ ಒತ್ತಿ 'ಪ್ರಿಪೇರ್' ಒಳಗೆ ಹುಡುಕಿ. ಎಲ್ಲ ಟಿಕ್‌ಗಳೂ ಇರಲಿ, 'ಇನ್‌ಸ್ಪೆಕ್ಟ್' ಒತ್ತಿ.

4. ಏನಾದರೂ ಸಿಕ್ಕ ಕಡೆ ಕೆಂಪು ಗುರುತು ಬರುತ್ತದೆ, ಪಕ್ಕದಲ್ಲಿ 'ರಿಮೂವ್ ಆಲ್' ಬಟನ್. 'ಡಾಕ್ಯುಮೆಂಟ್ ಪ್ರಾಪರ್ಟೀಸ್ ಅಂಡ್ ಪರ್ಸನಲ್ ಇನ್ಫರ್ಮೇಶನ್' ಎದುರು ಧೈರ್ಯವಾಗಿ ಒತ್ತಿ. 'ಹಿಡನ್ ಟೆಕ್ಸ್ಟ್' ಎದುರೂ ಒತ್ತಿ. 'ಹೆಡರ್ಸ್, ಫೂಟರ್ಸ್' ಎದುರು ಮಾತ್ರ ಕೈ ತಡೆಯಿರಿ! ನಿಮ್ಮ ಲೆಟರ್‌ಹೆಡ್ ಹೆಡರ್‌ನಲ್ಲಿದ್ದರೆ ಅದೂ ಹೋಗುತ್ತದೆ, ಪುಟದ ನಂಬರೂ ಹೋಗುತ್ತದೆ. ನಾನು ಒಮ್ಮೆ ಒಂದು ಸಂಘದ ಲೆಟರ್‌ಹೆಡ್ ಹೀಗೇ ತಿಂದುಹಾಕಿದ್ದೇನೆ.

5. 'ರಿ-ಇನ್‌ಸ್ಪೆಕ್ಟ್' ಒತ್ತಿ ಇನ್ನೊಮ್ಮೆ ನೋಡಿ, ಕ್ಲೋಸ್ ಮಾಡಿ, ಸೇವ್ ಮಾಡಿ. ಸೇವ್ ಮರೆತರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇಲ್ಲಿಗೆ ಮುಗಿಯಲಿಲ್ಲ. ಈ ತಪಾಸಣೆಗೆ ಕಾಣದ ಸಂಗತಿಗಳೂ ಇವೆ. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬರೆದದ್ದು ಅದರ ಪಾಲಿಗೆ ಮಾಮೂಲಿ ಅಕ್ಷರ. ಕಂಟ್ರೋಲ್ ಜೊತೆ 'ಎ' ಒತ್ತಿ ಇಡೀ ಫೈಲ್ ಸೆಲೆಕ್ಟ್ ಮಾಡಿ, ಅಕ್ಷರದ ಬಣ್ಣ ಕಪ್ಪು ಮಾಡಿ ನೋಡಿ. ಹಳೆಯ ಭೂತಗಳು ಎದ್ದು ಬರುತ್ತವೆ.

ಇನ್ನೊಂದು, ಎಕ್ಸೆಲ್ ಚಾರ್ಟ್. ಎಕ್ಸೆಲ್‌ನಿಂದ ಚಾರ್ಟ್ ಕಾಪಿ ಮಾಡಿ ವರ್ಡ್‌ನಲ್ಲಿ 'ಎಂಬೆಡ್ ವರ್ಕ್‌ಬುಕ್' ಎನ್ನುವ ಆಯ್ಕೆಯಲ್ಲಿ ಪೇಸ್ಟ್ ಮಾಡಿದರೆ ಚಾರ್ಟ್ ಜೊತೆ ಇಡೀ ವರ್ಕ್‌ಬುಕ್ ಒಳಗೆ ಸೇರುತ್ತದೆ. ನೀವು ಒಂದು ಪೈ ಚಾರ್ಟ್ ಕಳಿಸಿದೆ ಅಂದುಕೊಂಡಿರುತ್ತೀರಿ, ಎದುರಿನವರ ಕೈಗೆ ಇಡೀ ಊರಿನ ಸಂಬಳದ ಪಟ್ಟಿ ಹೋಗಿರುತ್ತದೆ. ಚಾರ್ಟನ್ನು ಯಾವಾಗಲೂ 'ಪಿಕ್ಚರ್' ಆಗಿ ಪೇಸ್ಟ್ ಮಾಡಿ.

ನುಡಿ ಫಾಂಟ್‌ನಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಳೆಯ ನುಡಿ ಅಕ್ಷರ ಇಂಗ್ಲಿಷ್ ಕಸದ ಹಾಗೆ ಕಾಣುತ್ತದೆ. ಹಾಗಂತ ಯಾರಿಗೂ ಓದಲು ಬರುವುದಿಲ್ಲ ಅಂದುಕೊಳ್ಳಬೇಡಿ. ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗೆ ಹಾಕಿದರೆ ಎರಡೇ ಕ್ಷಣ, ನೀವು ಮರೆತ ಸಾಲು ಅಚ್ಚ ಕನ್ನಡದಲ್ಲಿ ಎದುರಿಗೆ ಬರುತ್ತದೆ.

ಎಕ್ಸೆಲ್: ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ನಮ್ಮಲ್ಲಿ ಪ್ರಿಂಟ್‌ಗೆ ಬರುತ್ತಾರೆ. ಡಬ್ಬಿ, ಕಡ್ಡಿ ಅಂತ ಮೆಣಸಿನಕಾಯಿಯ ಬಗೆಗಳು, ಒಂದೊಂದು ಲಾಟಿಗೆ ಒಂದೊಂದು ರೇಟು, ಎಲ್ಲ ಒಂದೇ ಶೀಟ್‌ನಲ್ಲಿ. ಖರೀದಿ ರೇಟು ಮತ್ತು ಖರ್ಚಿನ ಕಾಲಂ 'ಹೈಡ್' ಮಾಡಿ, ಮಾರುವ ರೇಟು ಮಾತ್ರ ಕಾಣುವ ಹಾಗೆ ಇಟ್ಟು, ಹೊರ ರಾಜ್ಯದ ಪಾರ್ಟಿಗೆ ವಾಟ್ಸ್‌ಆ್ಯಪ್ ಮಾಡಿದ್ದಾರೆ. ಮರುದಿನ ಆ ಪಾರ್ಟಿ ಚೌಕಾಶಿಗೆ ಕೂತಾಗ ಪೈಸೆ ಲೆಕ್ಕದಲ್ಲಿ ಮಾತಾಡಲು ಶುರು ಮಾಡಿದನಂತೆ. "ಅಕ್ಕಾರ, ನನ್ನ ಲಾಭ ನನಗಿಂತ ಛಲೋ ಅವಂಗ ಗೊತ್ತಿತ್ರೀ" ಅಂದರು.

ಗೊತ್ತಾಗದೆ ಇನ್ನೇನು? ಮೇಲಿನ ಕಾಲಂ ಅಕ್ಷರಗಳಲ್ಲಿ ಸಿ ಆದ ಮೇಲೆ ಒಮ್ಮೆಲೇ ಎಫ್ ಇದ್ದರೆ ನಡುವಿನ ಎರಡು ಎಲ್ಲಿ ಹೋದವು ಅಂತ ಸಣ್ಣ ಹುಡುಗನೂ ಕೇಳುತ್ತಾನೆ. ಎರಡೂ ತಲೆಬರಹ ಸೆಲೆಕ್ಟ್ ಮಾಡಿ, ಬಲ ಕ್ಲಿಕ್, 'ಅನ್‌ಹೈಡ್'. ಮುಗಿಯಿತು.

ಎಕ್ಸೆಲ್‌ನಲ್ಲೂ ಅದೇ 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಇದೆ. ಮುಚ್ಚಿಟ್ಟ ಸಾಲು, ಕಾಲಂ, ಶೀಟ್‌ಗಳನ್ನು ಹುಡುಕಿ ಕೊಡುತ್ತದೆ. ಹುಡುಕಲು ಬಳಸಿ, ತೆಗೆಯಲು ಬೇಡ ಎನ್ನುವುದು ನನ್ನ ಅನುಭವ. ಮಾರುವ ರೇಟಿನ ಫಾರ್ಮುಲಾ ಆ ಮುಚ್ಚಿಟ್ಟ ಕಾಲಂ ಮೇಲೇ ನಿಂತಿರುತ್ತದೆ. ಅದನ್ನು ಕಿತ್ತರೆ ರೇಟಿನ ಜಾಗದಲ್ಲೆಲ್ಲ 'ರೆಫ್' ಎಂಬ ಎರರ್. ಅದಕ್ಕಿಂತ ಹೊಸ ಫೈಲ್ ಮಾಡುವುದೇ ಸಲೀಸು:

ಕಳಿಸಬೇಕಾದ ಭಾಗವನ್ನು ಸೆಲೆಕ್ಟ್ ಮಾಡಿ. ಆಲ್ಟ್ ಕೀ ಹಿಡಿದು ಸೆಮಿಕೋಲನ್ ಒತ್ತಿ. ಇದರಿಂದ ಕಣ್ಣಿಗೆ ಕಾಣುವ ಸೆಲ್‌ಗಳು ಮಾತ್ರ ಹಿಡಿತಕ್ಕೆ ಬರುತ್ತವೆ. ಕಾಪಿ ಮಾಡಿ. ಹೊಚ್ಚ ಹೊಸ ವರ್ಕ್‌ಬುಕ್ ತೆರೆದು 'ಪೇಸ್ಟ್ ಸ್ಪೆಷಲ್' ಒಳಗೆ 'ವ್ಯಾಲ್ಯೂಸ್' ಕೊಡಿ. ಅಂಕಿ ಬರುತ್ತದೆ, ಫಾರ್ಮುಲಾ ಬರುವುದಿಲ್ಲ. ಬೇಕಿದ್ದರೆ ಇನ್ನೊಮ್ಮೆ 'ಫಾರ್ಮ್ಯಾಟ್ಸ್' ಪೇಸ್ಟ್ ಮಾಡಿ ಅಂದ ಮಾಡಿಕೊಳ್ಳಿ. ಆಲ್ಟ್ ಒತ್ತುವುದನ್ನು ಮರೆತರೆ ಮುಚ್ಚಿಟ್ಟ ಕಾಲಂ ಕೂಡ ಹೊಸ ಫೈಲ್‌ಗೆ ಬರುತ್ತದೆ, ಜೋಕೆ. ಬ್ಯಾಡಗಿಯವರಿಗೆ ಆಲ್ಟ್ ಕೀ ಮೇಲೆ ಒಂದು ಕೆಂಪು ಸ್ಟಿಕರ್ ಅಂಟಿಸಿ ಕೊಟ್ಟಿದ್ದೇನೆ.

ಉದ್ದದ ಪಟ್ಟಿಯನ್ನು ಒಟ್ಟುಗೂಡಿಸಿ ಮೊತ್ತ ತೋರಿಸುವ ಪಿವೊಟ್ ಟೇಬಲ್ ಇನ್ನೂ ದೊಡ್ಡ ಕಳ್ಳ. ಮೂಲ ಶೀಟ್ ಡಿಲೀಟ್ ಮಾಡಿ, ಒಟ್ಟು ಮೊತ್ತದ ಪಿವೊಟ್ ಮಾತ್ರ ಉಳಿಸಿ ಕಳಿಸಿದಿರಿ ಅನ್ನಿ. ಪಿವೊಟ್ ತನ್ನ ಹೊಟ್ಟೆಯಲ್ಲಿ ಮೂಲ ಲೆಕ್ಕದ ಒಂದು ಕಾಪಿ ಇಟ್ಟುಕೊಂಡಿರುತ್ತದೆ. ಯಾರಾದರೂ ಆ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಲು ಸಾಲಾಗಿ ಹೊಸ ಶೀಟ್‌ನಲ್ಲಿ ಸುರಿದು ಹೋಗುತ್ತದೆ. ನಿಮ್ಮದೇ ಫೈಲ್‌ನಲ್ಲಿ ಒಮ್ಮೆ ಮಾಡಿ ನೋಡಿ, ಎದೆ ಧಸಕ್ ಅನ್ನುತ್ತದೆ. ಇದಕ್ಕೂ ಅದೇ ಮದ್ದು, ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡುವುದು.

2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್‌ನ ಪೊಲೀಸ್ ಇಲಾಖೆಗೆ ಒಂದು ಮಾಹಿತಿ ಹಕ್ಕಿನ ಅರ್ಜಿ ಬಂತು. ಯಾವ ದರ್ಜೆಯಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿದ್ದರು, ಅಷ್ಟೇ. ಉತ್ತರವಾಗಿ ಹೋದ ಎಕ್ಸೆಲ್‌ನಲ್ಲಿ ಮೂಲ ಪಟ್ಟಿಯ ಶೀಟ್ ಅಡಗಿ ಉಳಿದಿತ್ತು. 9,400ಕ್ಕೂ ಹೆಚ್ಚು ಸಿಬ್ಬಂದಿಯ ಅಡ್ಡಹೆಸರು (ಸರ್‌ನೇಮ್), ದರ್ಜೆ, ಕೆಲಸದ ಜಾಗ ಎಲ್ಲ ವೆಬ್‌ನಲ್ಲಿ ಬಯಲಾಯಿತು. ಮರುವರ್ಷ 7,50,000 ಪೌಂಡ್ ದಂಡ ಬಿತ್ತು. ನಮ್ಮಲ್ಲೂ 2005ರಿಂದ ಮಾಹಿತಿ ಹಕ್ಕಿನ ಕಾಯ್ದೆ ಇದೆ. ತಾಲೂಕು ಕಚೇರಿ, ಪಂಚಾಯ್ತಿಗಳಲ್ಲಿ ಉತ್ತರ ತಯಾರಿಸುವ ಗುಮಾಸ್ತರು ಈ ಪ್ಯಾರಾವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡರೂ ನಷ್ಟವಿಲ್ಲ.

'ಪಿಡಿಎಫ್ ಮಾಡಿದರೆ ಆಯ್ತಲ್ಲ' ಅಂತ ಕೇಳುತ್ತೀರಿ. 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ, ಬ್ರಿಟನ್‌ನ ಬಾರ್ಕ್ಲೇಸ್ ಬ್ಯಾಂಕ್ ಅದರ ಭಾಗಗಳನ್ನು ಕೊಳ್ಳುವಾಗ, ಬೇಡದ 179 ಕರಾರುಗಳ ಸಾಲನ್ನು ಎಕ್ಸೆಲ್‌ನಲ್ಲಿ ಅಳಿಸದೆ ಸುಮ್ನೆ ಮುಚ್ಚಿಟ್ಟಿದ್ದರು. ರಾತ್ರೋರಾತ್ರಿ ಪಿಡಿಎಫ್ ಮಾಡುವಾಗ ಸಾಲುಗಳ ಅಳತೆ ಬದಲಾಗಿ ಅವೆಲ್ಲ ತೆರೆದುಕೊಂಡವು, ಕೋರ್ಟ್‌ಗೂ ಹಾಗೇ ಹೋದವು. ಮುಚ್ಚಿಟ್ಟದ್ದು ಯಾವಾಗ ಬೇಕಾದರೂ ತೆರೆಯುತ್ತದೆ. ಬೇಡದ್ದನ್ನು ಕಳಿಸುವ ಪ್ರತಿಯಿಂದ ತೆಗೆದೇ ಬಿಡಿ.

ಪವರ್‌ಪಾಯಿಂಟ್, ಫೋಟೋ

ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಕೆಳಗಿನ ನೋಟ್ಸ್ ನೋಡಿ, ಸ್ಲೈಡ್ ಅಂಚಿನಿಂದ ಹೊರಗೆ ತಳ್ಳಿಟ್ಟ ಡಬ್ಬಿಗಳನ್ನು ನೋಡಿ. ಉಳಿದದ್ದಕ್ಕೆ ಮತ್ತೆ ಅದೇ ಇನ್‌ಸ್ಪೆಕ್ಟ್.

ಕತ್ತರಿಸಿದ ಫೋಟೋ ಇದ್ದರೆ ಅದರ ಮೇಲೆ ಕ್ಲಿಕ್ ಮಾಡಿ 'ಪಿಕ್ಚರ್ ಫಾರ್ಮ್ಯಾಟ್' ಒಳಗೆ 'ಕಂಪ್ರೆಸ್ ಪಿಕ್ಚರ್ಸ್' ತೆರೆದು 'ಡಿಲೀಟ್ ಕ್ರಾಪ್ಡ್ ಏರಿಯಾಸ್' ಟಿಕ್ ಹಾಕಿ. ಮೊಬೈಲ್‌ನಲ್ಲಿ ತೆಗೆದ ಫೋಟೋದೊಳಗೆ ತೆಗೆದ ಜಾಗದ ಗುರುತು ಇರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕಳಚಿ ಹೋಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೇ ಹೋಗುತ್ತದೆ.

ಪಿಡಿಎಫ್ ಮತ್ತು ಕಪ್ಪು ಡಬ್ಬಿ

ವರ್ಡ್‌ನಲ್ಲಿ 'ಸೇವ್ ಆ್ಯಸ್' ಕೊಟ್ಟು ಪಿಡಿಎಫ್ ಆರಿಸಿದ ಮೇಲೆ 'ಆಪ್ಶನ್ಸ್' ಬಟನ್ ಇದೆ. ಯಾರೂ ಒತ್ತುವುದಿಲ್ಲ, ನೀವು ಒತ್ತಿ. 'ಡಾಕ್ಯುಮೆಂಟ್ ಪ್ರಾಪರ್ಟೀಸ್' ಎದುರಿನ ಟಿಕ್ ತೆಗೆಯಿರಿ. ಮೇಲೆ 'ಡಾಕ್ಯುಮೆಂಟ್ ಶೋಯಿಂಗ್ ಮಾರ್ಕಪ್' ಇದ್ದರೆ ಬರಿ 'ಡಾಕ್ಯುಮೆಂಟ್' ಮಾಡಿ. ಗೋಕುಲ ರೋಡ್ ಕೊಟೇಶನ್‌ಗೆ ನಾನು ಈ ಒಂದು ಟಿಕ್ ತೆಗೆದಿದ್ದರೆ ಸಾಕಿತ್ತು. ಮಾಡಿದ ಪಿಡಿಎಫ್ ಅನ್ನು ಅಡೋಬಿ ರೀಡರ್‌ನಲ್ಲಿ ತೆರೆದು ಕಂಟ್ರೋಲ್ ಜೊತೆ 'ಡಿ' ಒತ್ತಿ. ಟೈಟಲ್, ಆಥರ್ ಖಾಲಿ ಇದೆಯಾ ನೋಡಿ.

ಇನ್ನು ಆಧಾರ್ ನಂಬರ್. ಬಾಡಿಗೆ ಕರಾರಿನ ಜೊತೆ ಆಧಾರ್ ಚಿತ್ರ ಹಾಕಿ, ನಂಬರ್ ಮೇಲೆ ಕಪ್ಪು ಚೌಕ ಎಳೆದು ಪಿಡಿಎಫ್ ಮಾಡಿ ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಆ ಚೌಕ ಟೇಬಲ್ ಮೇಲೆ ಹಾಸಿದ ಬಟ್ಟೆ ಇದ್ದ ಹಾಗೆ, ಪಿಡಿಎಫ್ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಸರಿಸಿದರೆ ಕೆಳಗೆ ನಂಬರ್ ಹಾಗೇ ಇದೆ. ಅಕ್ಷರಗಳ ಮೇಲೆ ಎಳೆದ ಚೌಕವೂ ಅಷ್ಟೇ, ಕೆಳಗಿನ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದರೆ ಓದಲು ಬರುತ್ತದೆ.

ಆಧಾರ್‌ಗೆ ಸೀದಾ ದಾರಿ ಎಂದರೆ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳುವುದು. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಬೇರೆ ಮಾತುಗಳಾದರೆ ವರ್ಡ್‌ನಲ್ಲೇ ಅಳಿಸಿ, ಆ ಜಾಗಕ್ಕೆ ಅಡ್ಡಗೆರೆ ಟೈಪ್ ಮಾಡಿ, ಆಮೇಲೆ ಪಿಡಿಎಫ್ ಮಾಡಿ. ದುಡ್ಡಿಲ್ಲದೆ ಸಿಗುವ ಲಿಬ್ರೆಆಫೀಸ್‌ನಲ್ಲಿ 'ಟೂಲ್ಸ್' ಒಳಗೆ ಬೇಡದ್ದನ್ನು ಕಪ್ಪು ಮಾಡಿ ಮುಚ್ಚುವ 'ರಿಡ್ಯಾಕ್ಟ್' ಇದೆ, 2019ರ 6.3 ಆವೃತ್ತಿಯಿಂದ. ಅದು ಪುಟವನ್ನೇ ಚಿತ್ರ ಮಾಡಿ ಪಿಡಿಎಫ್ ಕೊಡುತ್ತದೆ, ಕೆಳಗೆ ಅಕ್ಷರ ಉಳಿಯುವುದಿಲ್ಲ. ಇದ್ಯಾವುದೂ ಬೇಡ ಎಂದರೆ ಹಳೆಯ ಅಂಗಡಿ ಉಪಾಯ: ಪ್ರಿಂಟ್ ತೆಗೆದು, ಮಾರ್ಕರ್‌ನಲ್ಲಿ ಕಪ್ಪು ಮಾಡಿ, ಅದರ ಝೆರಾಕ್ಸ್ ತೆಗೆದು, ಆ ಝೆರಾಕ್ಸನ್ನು ಸ್ಕ್ಯಾನ್ ಮಾಡುವುದು. ನಡುವಿನ ಝೆರಾಕ್ಸ್ ಬಿಡಬೇಡಿ, ಮಾರ್ಕರ್ ಅಡಿಯ ಅಕ್ಷರ ಬೆಳಕಿಗೆ ಹಿಡಿದರೆ ಕಾಣುತ್ತದೆ.

ಮೆಟಾಡೇಟಾ, ಅಂದರೆ ಫೈಲ್ ಒಳಗೆ ಅಡಗಿದ ಇಂಥ ವಿವರ, ತೆಗೆದು ಕೊಡುತ್ತೇವೆ ಎನ್ನುವ ವೆಬ್‌ಸೈಟ್‌ಗಳಿಗೆ ಕರಾರು ಪತ್ರ ಅಪ್‌ಲೋಡ್ ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಗುಟ್ಟು ಮುಚ್ಚಲು ಗುರುತಿಲ್ಲದವನ ಕೈಗೆ ಇಡೀ ಗುಟ್ಟನ್ನೇ ಕೊಟ್ಟ ಹಾಗೆ.

ಲಿಬ್ರೆಆಫೀಸ್, ಗೂಗಲ್ ಡಾಕ್ಸ್

ಲಿಬ್ರೆಆಫೀಸ್‌ನಲ್ಲಿ 'ಫೈಲ್', 'ಪ್ರಾಪರ್ಟೀಸ್' ತೆರೆದು 'ಅಪ್ಲೈ ಯೂಸರ್ ಡೇಟಾ' ಟಿಕ್ ತೆಗೆದು ರೀಸೆಟ್ ಬಟನ್ ಒತ್ತಿ. ಪ್ರತಿ ಸಲ ಬೇಡವೆಂದರೆ 'ಟೂಲ್ಸ್', 'ಆಪ್ಶನ್ಸ್', 'ಸೆಕ್ಯುರಿಟಿ' ಒಳಗೆ ಸೇವ್ ಮಾಡುವಾಗಲೇ ವೈಯಕ್ತಿಕ ಮಾಹಿತಿ ತೆಗೆಯುವ ಆಯ್ಕೆ ಇದೆ.

ಗೂಗಲ್ ಡಾಕ್ಸ್‌ನಲ್ಲಿ 'ಎಡಿಟರ್' ಹಕ್ಕು ಕೊಟ್ಟರೆ ಎದುರಿನವರು 'ವರ್ಶನ್ ಹಿಸ್ಟರಿ' ತೆರೆದು ನೀವು ಮೊದಲು ಏನು ಬರೆದು ಅಳಿಸಿದಿರಿ ಎನ್ನುವುದನ್ನೆಲ್ಲ ನೋಡಬಹುದು. 'ಫೈಲ್' ಒಳಗೆ 'ಮೇಕ್ ಎ ಕಾಪಿ' ಮಾಡಿ, ಕಾಮೆಂಟ್ ಕಾಪಿ ಮಾಡುವ ಟಿಕ್ ಹಾಕದೆ, ಆ ಹೊಸ ಪ್ರತಿಯ ಲಿಂಕ್ ಕೊಡಿ.

ಕಳಿಸುವ ಹೊತ್ತಿಗೆ

ಜಾಡಿಸಿದ ಡಾಕ್ಸ್ ಫೈಲ್‌ನ ಮೇಲೆ ಮೊದಲಿನ ಜಿಪ್ ಆಟ ಇನ್ನೊಮ್ಮೆ ಆಡಿ, 'ಕೋರ್' ಫೈಲ್‌ನಲ್ಲಿ ಹೆಸರು ಹೋಗಿದೆಯಾ ನೋಡಿ. ಅವಸರ ಇದ್ದರೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್' ಒಳಗಿನ 'ಡೀಟೇಲ್ಸ್' ನೋಡಿದರೂ ಆಗುತ್ತದೆ. ಅಟ್ಯಾಚ್ ಮಾಡುವಾಗ ಕೆಲಸದ ಫೈಲನ್ನೇ ಹಾಕಿಬಿಡುವುದು ತೀರಾ ಸಾಮಾನ್ಯ, ಹಾಗಾಗಿ ನಾವು 'ಹೊರಗೆ' ಎಂಬ ಬೇರೆ ಫೋಲ್ಡರ್ ಮಾಡಿದ್ದೇವೆ. ಮೇಲ್, ವಾಟ್ಸ್‌ಆ್ಯಪ್, ಪೆನ್‌ಡ್ರೈವ್ ಎಲ್ಲಕ್ಕೂ ಅಲ್ಲಿಂದ ಮಾತ್ರ.

ಟೆಂಡರ್‌ಗೆ ಡಿಜಿಟಲ್ ಸಹಿ ಹಾಕುವುದಿದ್ದರೆ ಜಾಡಿಸುವ ಕೆಲಸ ಸಹಿಗಿಂತ ಮೊದಲೇ ಮುಗಿಯಬೇಕು. ಸಹಿ ಆದ ಮೇಲೆ ಒಂದು ಅಕ್ಷರ ಮುಟ್ಟಿದರೂ ಸಹಿ ಕೆಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಜಾಡಿಸಲೇಬಾರದ ಫೈಲ್ ಒಂದಿದೆ. ಅದು ಕೋರ್ಟ್‌ಗೆ ಸಾಕ್ಷಿಯಾಗಿ ಹೋಗುವಂಥದ್ದು. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರುವುದರಿಂದ ನಮ್ಮ ಅಂಗಡಿಗೆ ಇಂಥವು ಬರುತ್ತಲೇ ಇರುತ್ತವೆ. ಯಾವಾಗ ಹುಟ್ಟಿತು, ಯಾರು ತಿದ್ದಿದರು ಎನ್ನುವ ಆ ಅಡಗಿದ ಸಾಲುಗಳೇ ಅಲ್ಲಿ ಬೇಕಾಗುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲ್‌ನ ಹ್ಯಾಶ್ ನಂಬರ್ (ಫೈಲ್‌ನಿಂದಲೇ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು) ಬರೆಯಬೇಕು. ಒಂದು ಸಲ ತೆರೆದು ಸೇವ್ ಮಾಡಿದರೂ ಆ ನಂಬರ್ ಬದಲಾಗುತ್ತದೆ. ಅಂಥ ಪೆನ್‌ಡ್ರೈವ್ ತಂದವರಿಗೆ ನಾನು ಕಂಪ್ಯೂಟರ್‌ಗೆ ಚುಚ್ಚದೆ, ಒಂದು ಕವರ್‌ನಲ್ಲಿ ಹಾಕಿ ವಾಪಸ್ ಕೊಡುತ್ತೇನೆ. "ಮೊದಲ ವಕೀಲರನ್ನ ಕೇಳ್ಕೊಂಡ ಬರ್ರಿ, ಆಮ್ಯಾಲೆ ಪ್ರಿಂಟ್ ತಗಿಯೂಣಂತ."